ಮಾಸ್ತರರ ಮೂರನೇ ಕೈ

ನಮ್ಮ ಮಾಸ್ತರರ ಎಡಗಡೆಯ ಮುಂದಿನ ಹಲ್ಲಿನಲ್ಲಿ ಒಂದು ಸಣ್ಣ ಕಚ್ಚು ಇತ್ತು. ಬೆಸುಗೆಯ ತಂತಿ ಹಿಡಿದೂ ಹಿಡಿದೂ, ತಾಮ್ರದ ತಂತಿಯ ಸಿಪ್ಪೆಯನ್ನು ಹಲ್ಲಿನಿಂದಲೇ ಸುಲಿದೂ ಸುಲಿದೂ ಬಿದ್ದ ಗುರುತು. ಅವರು ನಕ್ಕರೆ ಮಾತ್ರ ಅದು ಕಾಣುತ್ತಿತ್ತು, ಮತ್ತು ಅವರು ಕಾರಣವಿಲ್ಲದೆ ನಗುವ ಪೈಕಿ ಅಲ್ಲ. ಹೋದ ತಿಂಗಳು ಅವರು ತೀರಿಕೊಂಡಾಗ ನೋಡಲು ಹೋಗಿದ್ದೆ. ಮುಖದ ಮೇಲಿನ ಬಟ್ಟೆ ಸರಿಸಿದರು. ತುಟಿ ತುಸು ತೆರೆದಿತ್ತು, ಕಚ್ಚು ಕಂಡಿತು. ಪಕ್ಕದಲ್ಲಿದ್ದವರೆಲ್ಲ ಅಳುತ್ತಿದ್ದರು. ನನಗೆ ಅಳು ಬರುವ ಮೊದಲೇ ನಾಲಿಗೆ ತಾನಾಗಿ ನನ್ನ ಹಲ್ಲಿನ ಮೇಲೆ ಹೋಯಿತು. ನನ್ನ ಬಾಯಿಯಲ್ಲೂ ಅದೇ ಜಾಗದಲ್ಲಿ ಅಂಥದ್ದೊಂದು ಇದೆ, ಅವರದಕ್ಕಿಂತ ಸ್ವಲ್ಪ ಸಣ್ಣದು.

ಅವರ ಹೆಸರು ಹೇಳುವುದಿಲ್ಲ. ಕಾರ್ಖಾನೆಯಲ್ಲೂ ಯಾರೂ ಹೇಳುತ್ತಿರಲಿಲ್ಲ. ತೆಲುಗಿನವರು, ಹಿಂದಿಯವರು, ನಮ್ಮಂಥ ಕನ್ನಡದವರು ಎಲ್ಲರಿಗೂ ಅವರು ಮಾಸ್ತರ್. ಕಲಬುರಗಿ ಕಡೆಯವರು, ಚಿಕ್ಕಂದಿನಲ್ಲೇ ಹೈದರಾಬಾದಿಗೆ ಬಂದವರು. ಬಾಲಾನಗರದ ಒಂದು ಓಣಿಯಲ್ಲಿ, ದೊಡ್ಡ ಕಂಪನಿಗಳಿಗೆ ಸರ್ಕ್ಯೂಟ್ ಬೋರ್ಡು ಮಾಡಿಕೊಡುವ ನಮ್ಮ ಪುಟ್ಟ ಕಾರ್ಖಾನೆ ಇತ್ತು. ಹೊಸದಾಗಿ ಸೇರಿದ ಹುಡುಗಿಯರನ್ನು ಮೊದಲು ಮೂಲೆಯ ಮೇಜಿಗೆ ಕಳಿಸುತ್ತಿದ್ದರು. ಆ ಮೇಜು ಮಾಸ್ತರರದು. ಅಲ್ಲಿ ಪಾಸಾದವರಿಗೆ ಮಾತ್ರ ಲೈನಿನಲ್ಲಿ ಜಾಗ.

ನಾನು ಹೋದ ಮೊದಲ ದಿನ ಅವರು ಕೇಳಿದ ಮೊದಲ ಪ್ರಶ್ನೆಗೆ ನನಗೆ ನಗು ಬಂದಿತ್ತು.

"ಎಷ್ಟು ಕೈ ಅದಾವ ನಿನಗ?"

"ಎರಡು ರಿ."

"ಈ ಕೆಲಸಕ್ಕ ಮೂರು ಬೇಕವ್ವಾ. ಒಂದರಾಗ ಕಾಸಿದ ಸಲಾಕಿ. ಒಂದರಾಗ ಚಿಮಟಾ. ಮತ್ತ ತಂತಿ ಯಾರು ಹಿಡೀಬೇಕು? ನಿಮ್ಮಪ್ಪ ಬರ್ತಾನೇನು ಊರಿಂದ?"

ಎಂದು ಹೇಳಿ, ಬೆಸುಗೆಯ ತಂತಿಯ ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ಕತ್ತು ಬಗ್ಗಿಸಿ, ಬೋರ್ಡಿನ ಮೇಲೆ ಒಂದು ಚುಕ್ಕೆ ಇಟ್ಟರು. ಸಾಸಿವೆ ಗಾತ್ರದ್ದು, ಕನ್ನಡಿಯ ಹಾಗೆ ಹೊಳೆಯಿತು. ತಂತಿ ಕಚ್ಚಿಕೊಂಡೇ, ತುಟಿಯ ಇನ್ನೊಂದು ತುದಿಯಿಂದ ಹೇಳಿದರು: "ಮೂರನೇ ಕೈ ದೇವ್ರು ಬಾಯಾಗ ಇಟ್ಟಾನ. ಉಪಯೋಗ ಮಾಡ್ಕೊ."

ಮಾಡಿಕೊಂಡೆ. ಮೊದಮೊದಲು ಬಾಯಿಯಲ್ಲಿ ಒಂಥರಾ ಸಿಹಿಯೂ ಅಲ್ಲದ, ಹುಳಿಯೂ ಅಲ್ಲದ ರುಚಿ ಬರುತ್ತಿತ್ತು. ವಾರ ಕಳೆಯುವುದರೊಳಗೆ ಅದು ಗೊತ್ತಾಗುವುದೇ ನಿಂತಿತು. ಬೇರೆ ಕಾರ್ಖಾನೆಗಳ ಹುಡುಗಿಯರು ಪ್ರತಿ ಚುಕ್ಕೆಗೂ ಸಲಾಕಿ ಕೆಳಗಿಟ್ಟು ತಂತಿ ಹುಡುಕಿಕೊಳ್ಳುತ್ತಿದ್ದರೆ ನಮ್ಮ ಕೈ ನಿಲ್ಲುತ್ತಲೇ ಇರಲಿಲ್ಲ. ಮಾಸ್ತರರ ಹುಡುಗಿಯರು ಎಂದರೆ ಬಾಲಾನಗರದಲ್ಲಿ ಒಂದು ತೂಕ ಇತ್ತು. ನಮಗೂ ಅದರ ಜಂಬ ಇತ್ತು, ಸುಳ್ಳೇಕೆ ಹೇಳಲಿ.

ಆ ತಂತಿಯಲ್ಲಿ ತವರದ ಜೊತೆ ಸೀಸ ಇರುತ್ತದೆ ಎಂದು ನಮಗೆ ಗೊತ್ತಿರಲಿಲ್ಲವೇ ಎಂದು ಯಾರಾದರೂ ಕೇಳಬಹುದು. ಗೊತ್ತಿತ್ತು. ಸೀಸ ಇದ್ದರೇ ಬೆಸುಗೆ ಬೇಗ ಕರಗುವುದು, ಚೆನ್ನಾಗಿ ಹೊಳೆಯುವುದು ಎಂದು ಮಾಸ್ತರರೇ ಕಲಿಸಿದ್ದರು. ಅದು ಮೈಯೊಳಗೆ ಹೋಗಿ ಏನು ಮಾಡುತ್ತದೆ ಎನ್ನುವುದನ್ನು ಅವರಿಗೆ ಯಾರೂ ಕಲಿಸಿರಲಿಲ್ಲ. ನಾವೆಲ್ಲ ಹೆದರುತ್ತಿದ್ದದ್ದು ಹೊಗೆಗೆ. ಕಣ್ಣಿಗೆ ಕಾಣುವುದಕ್ಕೆ ತಾನೇ ಮನುಷ್ಯರು ಹೆದರುವುದು.

ಹೊಗೆಗೆ ಮಾಸ್ತರರ ಹತ್ತಿರ ಮದ್ದು ಇತ್ತು. ಸಂಜೆ ಚಹಾದ ಹೊತ್ತಿಗೆ ಒಂದು ಹಿತ್ತಾಳೆ ಡಬ್ಬಿ ಹಿಡಿದು ಲೈನಿನ ಉದ್ದಕ್ಕೂ ಬರುತ್ತಿದ್ದರು. ಒಳಗೆ ಬೆಲ್ಲ. ತಾವೇ ಮುರಿದು ಒಬ್ಬೊಬ್ಬರ ಅಂಗೈಯಲ್ಲಿ ಒಂದೊಂದು ತುಣುಕು ಇಡುತ್ತಿದ್ದರು. "ತಿನ್ನವ್ವಾ, ಗಂಟಲದಾಗಿನ ಹೊಗಿ ಇಳೀತೈತಿ." ಬೆಲ್ಲದ ದುಡ್ಡು ಕಾರ್ಖಾನೆಯದಲ್ಲ, ಅವರ ಜೇಬಿನದು. ದಿನವಿಡೀ ತಂತಿ ಮುಟ್ಟಿದ ಅವರ ಬೆರಳಿನಿಂದ ದಿನವಿಡೀ ತಂತಿ ಮುಟ್ಟಿದ ನಮ್ಮ ಅಂಗೈಗೆ, ಅಲ್ಲಿಂದ ಬಾಯಿಗೆ. ಕೈ ತೊಳೆಯಬೇಕೆಂದು ಯಾರಿಗೂ ಹೊಳೆಯಲಿಲ್ಲ. ಕೈಯಲ್ಲಿ ಕೊಳೆಯೇ ಕಾಣುತ್ತಿರಲಿಲ್ಲವಲ್ಲ.

ಆಮೇಲೆ ಎತ್ತು.

ನಮ್ಮ ಕಡೆ ಮಣ್ಣೆತ್ತಿನ ಅಮಾವಾಸ್ಯೆಗೆ ಹೊಲದ ಮಣ್ಣು ತಂದು ಎತ್ತು ಮಾಡಿ ಪೂಜೆ ಮಾಡುತ್ತಾರೆ. ಬಾಲಾನಗರದಲ್ಲಿ ಮಣ್ಣು ಎಲ್ಲಿಯದು? ಇದ್ದ ಮಣ್ಣಿನಲ್ಲೆಲ್ಲ ಎಣ್ಣೆ ಮತ್ತು ಕಬ್ಬಿಣದ ಪುಡಿ. ಮಾಸ್ತರರು ಬಳಪದ ಕಲ್ಲಿನಲ್ಲಿ ಒಂದು ಅಚ್ಚು ಕೆತ್ತಿಕೊಂಡಿದ್ದರು. ಬೆಸುಗೆಯ ಕಡಾಯಿಯಲ್ಲಿ ಕೆನೆಗಟ್ಟಿದ್ದನ್ನು ತೆಗೆದು, ಕರಗಿಸಿ, ಅಚ್ಚಿನಲ್ಲಿ ಹೊಯ್ದರೆ ಹೆಬ್ಬೆರಳಿನಷ್ಟು ಎತ್ತು. ಕೊಂಬು, ಡುಬ್ಬ, ಕೊರಳಲ್ಲಿ ಗಂಟೆ ಎಲ್ಲ ಇರುತ್ತಿತ್ತು. ಆ ವರ್ಷ ಯಾರ ಮನೆಯಲ್ಲಿ ಕೂಸು ಹುಟ್ಟಿರುತ್ತಿತ್ತೋ ಅವರಿಗೆಲ್ಲ ಒಂದೊಂದು. ಅಮಾವಾಸ್ಯೆಯ ದಿನ ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿ, ಕುಂಕುಮ ಹಚ್ಚಿ, ಊದುಬತ್ತಿ ಬೆಳಗಿ ಕೊಡುತ್ತಿದ್ದರು. ಆ ಎತ್ತಿಗಾಗಿಯೇ ಮುಂದಿನ ಅಮಾವಾಸ್ಯೆಯೊಳಗೆ ಹಡೆಯಬೇಕು ಎಂದು ಹುಡುಗಿಯರು ಚೇಷ್ಟೆ ಮಾಡುತ್ತಿದ್ದರು. ಆಗ ಮಾಸ್ತರರು ನಗುತ್ತಿದ್ದರು, ಕಚ್ಚು ಕಾಣುತ್ತಿತ್ತು.

ನನ್ನ ಗಿರಿಜಾ ಹುಟ್ಟಿದ ವರ್ಷ ನಮ್ಮ ಮನೆಗೂ ಎತ್ತು ಬಂತು. ಗಿರಿಜಾ ರಚ್ಚೆ ಹಿಡಿಯುವ ಕೂಸು. ಕೈಯಲ್ಲಿ ಆ ಎತ್ತು ಕೊಟ್ಟರೆ ಸುಮ್ಮನಾಗುತ್ತಿದ್ದಳು, ತಣ್ಣಗೆ, ಭಾರವಾಗಿ, ಹಿಡಿಯಲು ಹದವಾಗಿತ್ತು. ಹಲ್ಲು ಬರುವಾಗ ಅದನ್ನೇ ಕಚ್ಚುತ್ತಿದ್ದಳು. ನಾನು ಅಷ್ಟರಲ್ಲಿ ರೊಟ್ಟಿ ಬಡಿದುಕೊಳ್ಳುತ್ತಿದ್ದೆ. ಮಾಸ್ತರರ ಎತ್ತಿಗೆ ಎಷ್ಟು ಋಣಿಯಾಗಿದ್ದೆ ಎಂದರೆ, ಅದು ಕೈತಪ್ಪಿ ಬಿದ್ದರೆ ಸೆರಗಿನಲ್ಲಿ ಒರೆಸಿ ನಾನೇ ಮತ್ತೆ ಅವಳ ಬಾಯಿಗೆ ಇಡುತ್ತಿದ್ದೆ.

ಗಿರಿಜಾಗೆ ಮಾತು ತಡವಾಗಿ ಬಂತು. ಓದು ಇನ್ನೂ ತಡವಾಗಿ. ಲೆಕ್ಕ ಬರಲೇ ಇಲ್ಲ. ಸ್ಕೂಲಿನಲ್ಲಿ ದಡ್ಡಿ ಎಂದರು, ಅತ್ತೆ ನಮ್ಮ ಮನೆತನದಲ್ಲಿ ಹೀಗೆ ಯಾರೂ ಇಲ್ಲ ಎಂದರು, ನಾನು ಹಣೆಬರಹ ಎಂದೆ. ಒಳ್ಳೆಯ ಹುಡುಗಿ. ಈಗ ಮೆಹದಿಪಟ್ಟಣದ ನಮ್ಮ ಮನೆಯಲ್ಲೇ ಕೂತು ಸೀರೆಗಳಿಗೆ ಫಾಲ್ ಹೊಲಿಯುತ್ತಾಳೆ. ಹೊಲಿಗೆ ನೇರವಾಗಿರುತ್ತದೆ. ಗಿರಾಕಿ ಚಿಲ್ಲರೆ ಎಷ್ಟು ಕೊಡಬೇಕು ಎಂದು ಕೇಳಿದರೆ ಮಾತ್ರ ನನ್ನ ಮುಖ ನೋಡುತ್ತಾಳೆ.

ಮಾಸ್ತರರ ವ್ಯಕ್ತಿಚಿತ್ರ ಬರೆಯಲು ಕೂತು ನನ್ನ ಸಂಸಾರದ ಪುರಾಣ ತೆಗೆದಿದ್ದೇನೆ. ಆದರೆ ಅವರನ್ನು ನನ್ನ ಮನೆಯಿಂದ ಬೇರೆ ಮಾಡಿ ಹೇಳುವುದು ನನಗೆ ಸಾಧ್ಯವಿಲ್ಲ.

ಮುಂದೆ ನಾನೂ ಲೈನಿನ ಉಸ್ತುವಾರಿಯಾದೆ. ಮಾಸ್ತರರಿಗೆ ಕಣ್ಣು ಸೋತಾಗ ಕೆಲವು ಹುಡುಗಿಯರನ್ನು ನನ್ನ ಪಾಲಿಗೆ ಬಿಟ್ಟರು. ಅವರಲ್ಲಿ ಪದ್ಮಾ ಒಬ್ಬಳು. ನಾರಾಯಣಪೇಟದವಳು, ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು. ಚುರುಕು ಎಂದರೆ ಚುರುಕು. "ಎಷ್ಟು ಕೈ ಅದಾವ ನಿನಗ?" ಎಂದು ನಾನೂ ಕೇಳಿದೆ, ಮಾಸ್ತರರ ದನಿಯನ್ನೇ ಅನುಕರಿಸಿ. ಮೊದಲ ದಿನ ಅವಳು ತಂತಿ ಕಚ್ಚಲು ಹಿಂಜರಿದಳು. "ಮೇಡಂ, ಏನೋ ಒಂದು ನಮೂನಿ ರುಚಿ ಬರ್ತೈತಿ" ಎಂದಳು. ನಾನು ಬೈದೆ. ನಾಜೂಕಿನವರು ಮನೆಯಲ್ಲಿ ಕೂತು ಕಸೂತಿ ಹಾಕಲಿ ಎಂದೆ. ಅವಳು ಮತ್ತೆ ಆ ಮಾತು ಎತ್ತಲಿಲ್ಲ. ಚೊಚ್ಚಲ ಗಂಡು ಕೂಸು ಆದಾಗ ಕೆಲಸ ಬಿಟ್ಟಳು. ಆ ಅಮಾವಾಸ್ಯೆಗೆ ಮಾಸ್ತರರಿಗೆ ಜ್ವರ. ಅಚ್ಚು ಕೇಳಿ ತಂದು ನಾನೇ ಎತ್ತು ಹೊಯ್ದು, ದಿಲ್‌ಸುಖ್‌ನಗರದ ಅವಳ ಮನೆಗೆ ಹೋಗಿ ಕೊಟ್ಟು ಬಂದೆ. ಅದಾದ ಕೆಲವೇ ತಿಂಗಳಿಗೆ ಮೊಣಕಾಲು ನೋವೆಂದು ನಾನೂ ಕೆಲಸ ಬಿಟ್ಟೆ.

ಆದ್ದರಿಂದ ಆಮೇಲೆ ಕಾರ್ಖಾನೆಯಲ್ಲಿ ನಡೆದದ್ದನ್ನು ನಾನು ನೋಡಿಲ್ಲ. ಮಾಸ್ತರರೇ ಹೇಳಿದ್ದು.

ಹೊರದೇಶದ ಒಂದು ಕಂಪನಿ ಇನ್ನು ಮೇಲೆ ಸೀಸವಿಲ್ಲದ ಬೆಸುಗೆ ಇದ್ದರೆ ಮಾತ್ರ ಬೋರ್ಡು ಕೊಳ್ಳುತ್ತೇವೆ ಎಂದಿತಂತೆ. ಅದನ್ನು ತಿಳಿಸಿ ಹೇಳಲು ಒಬ್ಬ ಚಿಕ್ಕ ವಯಸ್ಸಿನ ಹೆಣ್ಣುಮಗಳು ಬಂದಳು. ಗೋಡೆಯ ಮೇಲೆ ಚಿತ್ರ ತೋರಿಸಿದಳು. ಸೀಸ ಬಾಯಿಂದ ಹೋಗುತ್ತದೆ, ಬೆರಳಿನಿಂದ ಹೋಗುತ್ತದೆ. ಮೈ ಅದನ್ನು ಸುಣ್ಣದ ಅಂಶವೆಂದು ತಪ್ಪು ತಿಳಿದು ಎಲುಬಿನಲ್ಲಿ ಕೂಡಿಸಿಡುತ್ತದೆ, ವರ್ಷಗಟ್ಟಲೆ. ಹೆಂಗಸು ಬಸುರಿಯಾದಾಗ ಕೂಸಿಗೆಂದು ಎಲುಬಿನ ಸುಣ್ಣ ಕರಗುತ್ತದಲ್ಲ, ಅದರ ಜೊತೆಗೆ ಸೀಸವೂ ಇಳಿದು ಕೂಸಿಗೆ ಸೇರಬಹುದು. ಎಳೆಯ ಮಿದುಳಿಗೆ ಅದು ಚೂರೇ ಚೂರು ಹೋದರೂ ಕೆಡುಕು. ಇಷ್ಟಾದರೆ ಪರವಾಗಿಲ್ಲ ಎನ್ನುವ ಅಳತೆಯೇ ಇಲ್ಲ.

ಮಾಸ್ತರರು ಹಿಂದಿನ ಬೆಂಚಿನಲ್ಲಿ ಕೂತಿದ್ದವರು ಎದ್ದು ನಿಂತು ಕೇಳಿದರಂತೆ: "ಯೇ ಬಾತ್ ಕಬ್ ಮಾಲೂಮ್ ಹುಯಿ, ಅಮ್ಮಾ?"

ಇದು ಗೊತ್ತಾಗಿದ್ದು ಯಾವಾಗ ಎಂದು ಕೇಳಿದ್ದಕ್ಕೆ ಆ ಹುಡುಗಿ ಮರ್ಯಾದೆಯಿಂದಲೇ ಹೇಳಿದಳು, ಇದು ಹೊಸದೇನಲ್ಲ ಸರ್, ಬಹಳ ಹಿಂದಿನಿಂದಲೇ ಗೊತ್ತಿರುವ ಮಾತು ಎಂದು.

ಮಾಸ್ತರರು ಹೊರಗೆ ಹೋಗಿ ನಲ್ಲಿಯ ಹತ್ತಿರ ಬಾಯಿ ಮುಕ್ಕಳಿಸತೊಡಗಿದರು. ಮುಕ್ಕಳಿಸಿದರು, ಉಗಿದರು, ಮತ್ತೆ ಮುಕ್ಕಳಿಸಿದರು. ಯಾರೋ ಬಂದು ನಲ್ಲಿ ಬಂದ್ ಮಾಡಿದ ಮೇಲೆ ನಿಲ್ಲಿಸಿದರಂತೆ. ಆ ವಾರವೇ ಕೆಲಸ ಬಿಟ್ಟರು.

ಅದಾದ ಮೇಲೆ ಒಂದು ಭಾನುವಾರ ಮಧ್ಯಾಹ್ನ ನಮ್ಮ ಮನೆಯ ಬಾಗಿಲಲ್ಲಿ ನಿಂತಿದ್ದರು, ಹೆಗಲಿಗೆ ಬಟ್ಟೆಯ ಚೀಲ. ನನಗೆ ಹಿಗ್ಗೋ ಹಿಗ್ಗು. ಮಾಸ್ತರರು ಮನೆಗೆ ಬರುವುದೆಂದರೇನು! ಕುರ್ಚಿ ಹಾಕಿದೆ, ನೀರು ತಂದೆ, ಗಿರಿಜಾಳನ್ನು ಕರೆದು ಕಾಲಿಗೆ ಬೀಳಿಸಿದೆ. ಅವರು ಕಾಲು ಹಿಂದಕ್ಕೆ ಎಳೆದುಕೊಂಡರು.

"ಕೂಸಿಗೆ ಕೊಟ್ಟ ಎತ್ತು ಐತೇನು?"

"ಇಲ್ಲದ ಏನ್ರಿ ಮಾಸ್ತರ್!" ದೇವರ ಗೂಡಿನಿಂದ ತಂದು ಅವರ ಕೈಯಲ್ಲಿಟ್ಟೆ. ಹುಣಸೆಹಣ್ಣು ಹಾಕಿ ತಿಕ್ಕಿ ಇಟ್ಟಿದ್ದೆ, ಬೆಳ್ಳಿಯ ಹಾಗೆ ಇತ್ತು.

"ಬಾಯಾಗ ಇಟ್ಟಿದ್ದಳೇನು?"

ನಾನು ನಕ್ಕೆ. "ಇಟ್ಟಿದ್ದಳೇನು ಅಂತೀರಿ! ಈಕಿಗೆ ಹಲ್ಲು ಬಂದಿದ್ದೇ ಅದರ ಮ್ಯಾಲೆ. ಡುಬ್ಬದ ಮ್ಯಾಲೆ ನೋಡ್ರಿ, ಗುರುತು ಅದಾವ ಇನ್ನೂ."

ಅವರು ಹೆಬ್ಬೆರಳಿನಿಂದ ಡುಬ್ಬವನ್ನು ಸವರಿದರು. ಮೆತ್ತನೆಯ ಲೋಹ, ಪುಟ್ಟ ಹಲ್ಲಿನ ಕುಳಿಗಳು ಹಾಗೇ ಇದ್ದವು. ಬಹಳ ಹೊತ್ತು ಸವರುತ್ತಲೇ ಇದ್ದರು. ಗಿರಿಜಾ ನೆಲದ ಮೇಲೆ ಕೂತು, ಇವರು ಯಾಕೆ ಅಳುತ್ತಾರೆ ಎಂದು ನನ್ನ ಕಡೆ ನೋಡಿದಳು. ಆಗ ನನಗೂ ಗೊತ್ತಾಯಿತು, ಮಾಸ್ತರರು ಅಳುತ್ತಿದ್ದಾರೆ ಎಂದು.

"ಯವ್ವಾ, ನಾ ನಿನಗ ಒಂದು ತಪ್ಪು ಕಲಿಸೀನಿ" ಎಂದು ಶುರು ಮಾಡಿ ಎಲ್ಲವನ್ನೂ ಹೇಳಿದರು. ತಂತಿ, ಬೆಲ್ಲ, ಎತ್ತು. ಒಂದನ್ನೂ ಬಿಡಲಿಲ್ಲ, ಒಂದಕ್ಕೂ ಸಬೂಬು ಹೇಳಲಿಲ್ಲ.

ನನಗೆ ಏನಾಯಿತು ಎನ್ನುವುದನ್ನು ನೇರವಾಗಿ ಹೇಳಿಬಿಡುತ್ತೇನೆ. ಮೊದಲು ಸಿಟ್ಟು ಬಂತು. ಅದರ ಹಿಂದೆಯೇ ಒಂದು ಹಗುರು. ಇಷ್ಟು ವರ್ಷ ಹಣೆಬರಹವನ್ನು ಬೈದದ್ದು ಸಾಕು, ಈಗ ಬೈಯಲು ಎದುರಿಗೇ ಒಬ್ಬ ಮನುಷ್ಯ ಸಿಕ್ಕ ಎನ್ನುವ ಹಗುರು. ಅದು ಹೆಚ್ಚು ಹೊತ್ತು ಉಳಿಯಲಿಲ್ಲ. ಬಿದ್ದ ಎತ್ತನ್ನು ಸೆರಗಿನಲ್ಲಿ ಒರೆಸಿದ ಕೈ ನೆನಪಾಯಿತು. ಪದ್ಮಾ ನೆನಪಾದಳು. ಬೈಯಲು ಹೋಗಲಿಲ್ಲ, ಮಾಸ್ತರರು ಅದಕ್ಕಾಗಿ ಕಾಯುತ್ತಲೇ ಕೂತಿದ್ದರು.

"ಬೈಯವ್ವಾ" ಎಂದರು. "ಬೈದರ ನನಗ ಛಲೋ ಆಗತೈತಿ."

"ನಿಮಗ ಛಲೋ ಆಗಲಿ ಅಂತ ನಾ ಯಾಕ ಬೈಲ್ರಿ?" ಎಂದೆ. ಅಷ್ಟು ಮಾತ್ರ ನನ್ನಿಂದಾಯಿತು.

ಅವರು ಬಿಡಲಿಲ್ಲ. ಮುಂದಿನ ವಾರ ನಮ್ಮಿಬ್ಬರನ್ನೂ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ರಕ್ತ ತೆಗೆಸಿದ್ದಾಯಿತು. ನನ್ನ ರಕ್ತದಲ್ಲಿ ಸ್ವಲ್ಪ ಇತ್ತು. ಗಿರಿಜಾಳ ರಕ್ತದಲ್ಲಿ ಹೇಳಿಕೊಳ್ಳುವಷ್ಟು ಇರಲಿಲ್ಲ. ಮಾಸ್ತರರ ಮುಖ ಒಂದು ಕ್ಷಣ ಅರಳಿತು. ಡಾಕ್ಟರು ಒಳ್ಳೆಯವರು, ಸುಳ್ಳು ಸಮಾಧಾನ ಹೇಳಲಿಲ್ಲ. ರಕ್ತ ಹೇಳುವುದು ಇತ್ತೀಚಿನ ಸುದ್ದಿಯನ್ನು ಮಾತ್ರ, ಕೂಸಾಗಿದ್ದಾಗ ಎಷ್ಟು ಹೋಗಿತ್ತು ಎಂದು ಈಗ ಯಾವ ಪರೀಕ್ಷೆಯೂ ಖಚಿತವಾಗಿ ಹೇಳಲಾರದು ಎಂದರು. ಇವಳು ಹೀಗಾಗಿದ್ದು ಅದರಿಂದಲೇ ಇರಬಹುದು. ಅಲ್ಲದೆಯೂ ಇರಬಹುದು, ಸೀಸದ ಹತ್ತಿರ ಸುಳಿಯದ ಮನೆಗಳಲ್ಲೂ ಇಂಥ ಮಕ್ಕಳು ಹುಟ್ಟುತ್ತಾರೆ.

ವಾಪಸು ಬರುವಾಗ ಬಸ್ಸಿನಲ್ಲಿ ಮಾಸ್ತರರು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ಗಿರಿಜಾ ಅವರ ಹೆಗಲಿಗೆ ತಲೆಯಿಟ್ಟು ನಿದ್ದೆ ಹೋಗಿದ್ದಳು.

"ಹೌದು ಅಂದಿದ್ದರ ಹೌದು ಅಂತ ಇರ್ತಿದ್ದೆ. ಅಲ್ಲ ಅಂದಿದ್ದರ ಅಲ್ಲ ಅಂತ ಇರ್ತಿದ್ದೆ" ಎಂದರು. "ಈಗ ಹೆಂಗ ಇರ್ಲಿ?"

ಇಳಿಯುವ ಸ್ಟಾಪು ಬಂತು, ಗಿರಿಜಾಳನ್ನು ಎಬ್ಬಿಸಿದೆ.

ಅಲ್ಲಿಂದ ಮುಂದೆ ಅವರ ನಿವೃತ್ತ ಬದುಕೆಂದರೆ ಇದೊಂದೇ ಕೆಲಸ: ತಾವು ಕಲಿಸಿದ ಹುಡುಗಿಯರ ಮನೆ ಹುಡುಕುವುದು, ಎತ್ತು ವಾಪಸು ಕೇಳುವುದು, ಮಕ್ಕಳ ರಕ್ತ ತೋರಿಸಿರಿ ಎನ್ನುವುದು. ಹುಡುಗಿಯರು ಎಂದರೆ ಈಗ ಕೆಲವರು ಅಜ್ಜಿಯರು. ಬಸ್ ಪಾಸು, ಬಟ್ಟೆಯ ಚೀಲ, ಒಂದು ನೀರಿನ ಬಾಟಲಿ. ಕೂಡಿದ ಎತ್ತುಗಳನ್ನು ಕಾರ್ಖಾನೆಯ ಹಳೆಯ ಬೆಸುಗೆ ಒಯ್ಯುವ ಲಾರಿಗೆ ಹಾಕಿಬರುತ್ತಿದ್ದರು. ಹೋದ ಕಡೆಯೆಲ್ಲ ಹಾರ ಹಾಕಲಿಲ್ಲ ಬಿಡಿ. ಒಂದು ಮನೆಯಲ್ಲಿ ಗಂಡ ಕೊರಳಪಟ್ಟಿ ಹಿಡಿದನಂತೆ. "ಛಲೋ ಮನಷ್ಯಾ" ಎಂದು ಅವನ ಬಗ್ಗೆ ನನ್ನ ಹತ್ತಿರ ಹೊಗಳಿದರು! ಇನ್ನೊಂದು ಮನೆಯಾಕೆ, ಪೂಜೆಯಲ್ಲಿರುವ ಎತ್ತನ್ನು ಕೊಡುವುದು ಅಪಶಕುನ ಎಂದು ಬಾಗಿಲು ಹಾಕಿಕೊಂಡಳು. ಮಾಸ್ತರರು ಮೆಟ್ಟಿಲ ಮೇಲೆ ಕೂತರು. ಸಂಜೆ ಆಕೆಗೇ ನಾಚಿಕೆಯಾಗಿ, ಎತ್ತಿನ ಜೊತೆ ಉಪ್ಪಿಟ್ಟನ್ನೂ ತಂದು ಕೊಟ್ಟಳು. ಉಪ್ಪಿಟ್ಟು ತಿನ್ನುವ ಮೊದಲು ಕೈ ತೊಳೆಯಲು ಸೋಪು ಕೇಳಿದ್ದಕ್ಕೆ ಆಕೆಗೆ ಮತ್ತೆ ಸಿಟ್ಟು ಬಂತಂತೆ.

"ಗೊತ್ತಿಲ್ಲದ ಮಾಡಿದ್ದು ರಿ ಮಾಸ್ತರ್, ಕಂಪನಿಯವರು ಹೇಳಬೇಕಿತ್ತು" ಎಂದು ನಾನು ಒಮ್ಮೆ ಸಮಾಧಾನ ಮಾಡಲು ಹೋದೆ.

"ಕಂಪನಿ ಹೇಳಬೇಕಿತ್ತು, ಖರೇ. ಅದು ಅವರ ಪಾಲು" ಎಂದರು. "ಆದರ ಬಾಯಾಗ ಇಡು ಅಂದದ್ದು ಕಂಪನಿ ಅಲ್ಲ. ಅದು ನನ್ನ ಪಾಲು. ಅವರ ಪಾಲಿನ ಲೆಕ್ಕ ಹಿಡಕೊಂಡು ಕೂತರ ನಂದು ಮುಗೀತದೇನು?"

ಎತ್ತು ಕಸಿದುಕೊಂಡು ಬರಿಗೈ ಮಾಡುವುದು ಅವರ ಸ್ವಭಾವಕ್ಕೆ ಒಗ್ಗುವುದಿಲ್ಲ. ಅದಕ್ಕೆ ಬಾಲಾನಗರದ ಗುಜರಿ ಕಬ್ಬಿಣದಿಂದ ಒಂದು ಸ್ಟ್ಯಾಂಡು ಮಾಡತೊಡಗಿದರು. ಕೆಳಗೆ ಭಾರದ ಬಿಲ್ಲೆ, ಮೇಲೆ ಬೇಕಾದ ಕಡೆ ಬಾಗುವ ತೋಳು, ತೋಳಿನ ತುದಿಗೆ ಕಚ್ಚಿ ಹಿಡಿಯುವ ಕ್ಲಿಪ್ಪು. ತಂತಿ ಹಿಡಿಯುವುದಕ್ಕೆ. "ಮೂರನೇ ಕೈ ಇದು, ಬಾಯಲ್ಲ" ಎಂದು ಹೇಳಿ ಕೊಡುತ್ತಿದ್ದರು. ಬೆಸುಗೆಯ ಕೆಲಸ ಬಿಟ್ಟು ಎಷ್ಟೋ ವರ್ಷವಾದ ಹೆಂಗಸರು ಅದನ್ನು ಏನು ಮಾಡಬೇಕು? ಒಬ್ಬಳು ಊದುಬತ್ತಿ ಸಿಕ್ಕಿಸಿದಳು, ಒಬ್ಬಳು ಮೊಬೈಲು. ಗಿರಿಜಾ ಅದರ ಬಾಯಿಗೆ ಸೂಜಿ ಕೊಟ್ಟು, ಎರಡೂ ಕೈಯಿಂದ ದಾರ ಪೋಣಿಸುತ್ತಾಳೆ. ಅದನ್ನು ನೋಡಿದ ದಿನ ಮಾಸ್ತರರು ಬಹಳ ಹೊತ್ತು ನಮ್ಮ ಮನೆಯಲ್ಲಿ ಕೂತಿದ್ದರು, ಅವಳಿಗೆ ಮತ್ತೆ ಮತ್ತೆ ದಾರ ಪೋಣಿಸಲು ಹೇಳುತ್ತ.

ಪ್ರತಿ ಸಲ ಬಂದಾಗಲೂ ಎದ್ದು ಹೋಗುವಾಗ ಚಪ್ಪಲಿ ಮೆಟ್ಟುತ್ತ ಒಂದು ಮಾತು ಕೇಳುತ್ತಿದ್ದರು.

"ಪದ್ಮಾನ ಮನಿಗೆ ಹೋಗಿದ್ದೇನು?"

ಪದ್ಮಾ ನನ್ನ ಹುಡುಗಿ. ನಾನು ಕಲಿಸಿದ್ದು, ನಾನು ಬೈದದ್ದು, ನಾನು ಹೊಯ್ದ ಎತ್ತು. ಅವರು ಹೋಗಲು ಸಿದ್ಧರಿದ್ದರು, ಆದರೆ ಅದು ಸರಿಯಲ್ಲ ಎನ್ನುತ್ತಿದ್ದರು. ಹೋಗುತ್ತೇನೆ ಮಾಸ್ತರ್, ಮೊಣಕಾಲು ನೋವು ಎಂದೆ. ಬಿಸಿಲು ಎಂದೆ. ಅತ್ತೆಗೆ ಹುಷಾರಿಲ್ಲ ಎಂದೆ. ಅದು ಒಂದಷ್ಟು ದಿನ ನಿಜವೂ ಇತ್ತು. ಫೋನಿನಲ್ಲಿ ಹೇಳಿಬಿಡುತ್ತೇನೆ ಎಂದಾಗ ಮಾತ್ರ ಅವರಿಗೆ ಸಿಟ್ಟು ಬಂತು.

"ಫೋನಿನಾಗ ಕಲಿಸಿದ್ದೇನು? ಕೈ ಹಿಡಿದು ಕಲಿಸಿದ್ದು. ಕೈ ಹಿಡಿದು ಬಿಡಿಸಬೇಕು. ಆಕಿಗೆ ಇನ್ನೊಂದು ಕೂಸು ಆಗೂದರಾಗ ಹೋಗು."

ಆದರೂ ಫೋನೇ ಮಾಡಿದೆ. ಯುಗಾದಿಗೆ ಮಾಡಿದೆ, ದಸರೆಗೆ ಮಾಡಿದೆ. ಪದ್ಮಾ ಸಂಭ್ರಮದಿಂದ ಮಾತಾಡುತ್ತಿದ್ದಳು. ಮನೆಯಲ್ಲೇ ಬಲ್ಬಿನ ಬೋರ್ಡು ತಂದು ಬೆಸುಗೆ ಹಾಕುತ್ತಾಳಂತೆ, ಓಣಿಯಲ್ಲಿ ಅವಳಷ್ಟು ಬೇಗ ಯಾರೂ ಮಾಡುವುದಿಲ್ಲವಂತೆ. "ನಿಮ್ಮಿಂದ ಮೇಡಂ, ಎಲ್ಲಾ ನಿಮ್ಮಿಂದ." ಈ ಮಾತು ಕೇಳಿದ ಮೇಲೆ ನಾನು ಬೇರೆ ಮಾತು ತೆಗೆಯುತ್ತಿದ್ದೆ. ಆರೋಗ್ಯ ಹೇಗಿದೆ ಎಂದು ಕೇಳುತ್ತಿದ್ದೆ, ಛಲೋ ಐತಿ ಎನ್ನುತ್ತಿದ್ದಳು, ಇಟ್ಟುಬಿಡುತ್ತಿದ್ದೆ. ಒಮ್ಮೆ ಕೈ ತೊಳೆದುಕೊಂಡು ಊಟ ಮಾಡು ಎಂದೆ. ಅವಳು ನಕ್ಕು, ಕೊರೊನಾ ಹೋಯ್ತಲ್ಲ ಮೇಡಂ ಎಂದಳು. ಕಳೆದ ವರ್ಷ ಅವಳೇ ಫೋನು ಮಾಡಿ, ಹೆಣ್ಣು ಕೂಸು ಹುಟ್ಟಿದೆ ಎಂದು ಹೇಳಿದಳು. ನಾನು ಅದನ್ನು ಮಾಸ್ತರರಿಗೆ ಹೇಳಲಿಲ್ಲ.

ಆಗ ಅವರು ಹಾಸಿಗೆ ಹಿಡಿದಿದ್ದರು. ಮೂತ್ರಪಿಂಡ ಕೈಕೊಟ್ಟಿತ್ತು; ಅದಕ್ಕೂ ಸೀಸ ಕಾರಣವೋ, ವಯಸ್ಸೋ, ಸಕ್ಕರೆಯೋ, ಯಾರೂ ಹೇಳಲಿಲ್ಲ. ಅವರೂ ಕೇಳಲಿಲ್ಲ. ನೋಡಲು ಹೋದಾಗ ಅದೇ ಪ್ರಶ್ನೆ ಕೇಳಿಯಾರು ಎಂದು ಹೆದರಿ ಬೇಗ ಬೇಗ ಎದ್ದು ಬಂದುಬಿಡುತ್ತಿದ್ದೆ. ಕೊನೆಕೊನೆಗೆ ಅವರು ಕೇಳುವುದನ್ನೇ ಬಿಟ್ಟರು. ಅದು ಇನ್ನೂ ಕಷ್ಟವಾಯಿತು.

ಮಣ್ಣು ಮುಗಿಸಿ ಬಂದ ಮೇಲೆ ಅವರ ಹೆಂಡತಿ ನನ್ನನ್ನು ಒಳಗೆ ಕರೆದರು. ಮಂಚದ ಕೆಳಗಿನಿಂದ ಆ ಬಟ್ಟೆಯ ಚೀಲ ಎಳೆದು ಕೊಟ್ಟರು. ಒಳಗೆ ಒಂದೇ ಒಂದು ಸ್ಟ್ಯಾಂಡು. ಎಣ್ಣೆ ಸವರಿ ಕಾಗದದಲ್ಲಿ ಸುತ್ತಿತ್ತು.

"ಇದು ನಿನ್ನ ಹುಡುಗಿಗೆ ಅಂತ ತೆಗೆದಿಟ್ಟಿದ್ದರವ್ವಾ" ಎಂದರು.

"ನನ್ನ ಹುಡುಗಿಗೆ ಮೊದಲೇ ಕೊಟ್ಟಾರ್ರಿ."

"ಗಿರಿಜಾಗ ಅಲ್ಲ. ನೀ ಕಲಿಸಿದಾಕಿಗೆ. ನಾ ಅಂದೆ, ಆಕಿ ಹೋಗೂದಿಲ್ಲ ಬಿಡ್ರಿ ಅಂತ. ಅದಕ್ಕ ಅವರು, ಹೋಗತಾಳ, ಆಕಿ ಮೊದಲಿಂದ ನಿಧಾನ, ಕೆಲಸ ಮಾತ್ರ ಪಕ್ಕಾ ಅಂದರು."

ಮಾಸ್ತರರು ಅದನ್ನು ಸಿಟ್ಟಿನಿಂದ ಹೇಳಿದ್ದರೆ ತಡೆದುಕೊಳ್ಳುತ್ತಿದ್ದೆ. ಅಡುಗೆಮನೆಯ ಗೋಡೆಗೆ ಒರಗಿ, ಅವರ ಮುಖದ ಬಟ್ಟೆ ಸರಿಸಿದಾಗ ಬಾರದಿದ್ದ ಅಳುವನ್ನೆಲ್ಲ ಅಲ್ಲಿ ಅತ್ತೆ.

ನಿನ್ನೆ ದಿಲ್‌ಸುಖ್‌ನಗರಕ್ಕೆ ಹೋದೆ. ಚೀಲದಲ್ಲಿ ಸ್ಟ್ಯಾಂಡು, ಒಂದು ಸೋಪು. ಕೋಚಿಂಗ್ ಸೆಂಟರುಗಳ ಹಿಂದಿನ ಓಣಿ, ಮೊದಲ ಮಹಡಿ. ಮೆಟ್ಟಿಲು ಹತ್ತುವಾಗಲೇ ಬೆಸುಗೆಯ ವಾಸನೆ ಬಂತು. ಎಷ್ಟೋ ವರ್ಷಗಳ ಮೇಲೆ ಆ ವಾಸನೆ. ನಾಚಿಕೆಗೇಡು, ಮನಸ್ಸಿಗೆ ಹಿತವೆನಿಸಿತು. ಬಾಗಿಲು ತೆರೆದೇ ಇತ್ತು. ಕಿಟಕಿಯ ಬೆಳಕಿಗೆ ಬೆನ್ನು ಮಾಡಿ ಪದ್ಮಾ ಕೂತಿದ್ದಳು, ಒಂದು ಕೈಯಲ್ಲಿ ಸಲಾಕಿ, ಒಂದು ಕೈಯಲ್ಲಿ ಚಿಮಟಾ, ಕತ್ತು ಎಡಕ್ಕೆ ಬಗ್ಗಿತ್ತು. ಅದು ನನ್ನ ಕತ್ತು. ಮಾಸ್ತರರ ಕತ್ತು. ಹೊರಳಿ ನೋಡಿದಳು. ಬಾಯಿಯಿಂದ ತಂತಿ ತೆಗೆದು, "ಅಯ್ಯೋ, ಮೇಡಂ!" ಎಂದು ಎದ್ದೇಬಿಟ್ಟಳು.

ಕುರ್ಚಿ ಹಾಕಿದಳು, ನೀರು ತಂದಳು. "ಬೆಲ್ಲ ತಗೋರಿ ಮೇಡಂ, ಬಿಸಲಾಗ ಬಂದೀರಿ" ಎಂದು ಡಬ್ಬಿ ತೆರೆದು, ತಾನೇ ಮುರಿದು ನನ್ನ ಅಂಗೈಯಲ್ಲಿಟ್ಟಳು. ನಂತರ ಒಳಗಿನ ಕೋಣೆಯ ಕಡೆ ತಿರುಗಿ, "ಬಾರೇ ಚಿನ್ನಿ, ಯಾರು ಬಂದಾರ ನೋಡು, ನಿಮ್ಮವ್ವಗ ಕೆಲಸ ಕಲಿಸಿದ ಮೇಡಂ" ಎಂದು ಕೂಗಿದಳು.

ಕೂಸು ಅಂಬೆಗಾಲಿಕ್ಕುತ್ತ ಬಂತು. ಒಂದೇ ಕೈ ಊರುತ್ತಿತ್ತು, ಇನ್ನೊಂದು ಕೈ ಬಾಯಿಯ ಹತ್ತಿರ. ಮುಷ್ಟಿಯ ಹೊರಗೆ ಪುಟ್ಟ ಎರಡು ಕೊಂಬು ಕಾಣುತ್ತಿದ್ದವು.

"ಅಣ್ಣಂದು ಮೇಡಂ, ನೀವು ಕೊಟ್ಟಿದ್ದು. ಈಗ ಈಕಿ ಬಿಡೂದೇ ಇಲ್ಲ" ಎಂದು ಪದ್ಮಾ ಹೆಮ್ಮೆಯಿಂದ ಹೇಳಿದಳು.

ಬೆಲ್ಲವನ್ನು ಪಕ್ಕಕ್ಕಿಟ್ಟೆ. ಕೂಸನ್ನು ಎತ್ತಿ ತೊಡೆಯ ಮೇಲೆ ಕೂರಿಸಿಕೊಂಡು, ಆ ಒದ್ದೆ ಮುಷ್ಟಿಯನ್ನು ಒಂದೊಂದೇ ಬೆರಳು ಬಿಡಿಸಿದೆ. ಕೂಸು ಚೀರಿತು. ಎತ್ತು ನನ್ನ ಕೈಗೆ ಬಂತು, ಬೆಚ್ಚಗಿತ್ತು, ಜೊಲ್ಲು ಮೆತ್ತಿತ್ತು, ಡುಬ್ಬದ ಮೇಲೆ ಹೊಸ ಗುರುತುಗಳಿದ್ದವು. ಇನ್ನೊಂದು ಕೈಯಿಂದ ಪದ್ಮಾಳ ಕೈ ಹಿಡಿದೆ.

"ಪದ್ಮಾ, ನಾ ನಿನಗ ಒಂದು ತಪ್ಪು ಕಲಿಸೀನಿ" ಎಂದೆ.

ಅವಳಿಗೆ ಇನ್ನೂ ಅರ್ಥವಾಗಿರಲಿಲ್ಲ. ಕೂಸನ್ನು ರಮಿಸುತ್ತ, ನನ್ನ ಮುಖ ನೋಡುತ್ತ, ನಗುತ್ತಲೇ ಇದ್ದಳು.